ದಯೆಯೋ, ಮಮತೆಯೋ?

ಶ್ರೀಮದ್ಭಾಗವತದ ಪಂಚಮಸ್ಕಂಧದ ಭರತರಾಜನ ಕಥೆ ಆಸ್ತಿಕರಿಗೆ ಸುಪರಿಚಿತ. ನದಿಯಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ಅವನು ಎತ್ತಿ ಉಳಿಸಿದನು. ಕಡೆಗೆ ಅದನ್ನೇ ನೆನೆಯುತ್ತ ದೇಹವನ್ನು ಬಿಟ್ಟು ಜಿಂಕೆಯಾಗಿ ಜನಿಸಿದನು. ಹಾಗಾದರೆ ಪ್ರಾಣಿದಯೆಯೂ ಬಂಧಕವೇ ಎಂಬ ಶಂಕೆ ಸಹಜ.

ಇದಕ್ಕೆ ಈಚಿನ ನಿದರ್ಶನವೊಂದನ್ನು ನೋಡೋಣ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾತುಗಳೇ ಮೊದಲಾದ ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಬೊಟುಲಿಸಂ ಎಂಬ ವಿಷಬಾಧೆಯೇ ಕಾರಣವೆಂದು ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ನಿರ್ಣಯಿಸಿತು. ಈ ವಿಷವೇರಿದ ಹಕ್ಕಿಯ ರೆಕ್ಕೆಕಾಲುಗಳು ಸೋಲುತ್ತವೆ; ಕತ್ತು ನಿಲ್ಲದೆ ನೀರಿನಲ್ಲೇ ಮುಳುಗಿ ಸಾಯುವುದೂ ಉಂಟು. ಜೀವವಿದ್ದವುಗಳನ್ನು ಎತ್ತಿ ತಂದು ಉಪಚರಿಸಿದರು, ಚೇತರಿಸಿಕೊಂಡವುಗಳನ್ನು ಹಾರಿಬಿಟ್ಟರು.

ಇಂತಹ ಶುಶ್ರೂಷೆಗೆ ಒಂದು ನಿಯಮವುಂಟು: ಮುದ್ದಿಸಬಾರದು, ಪಳಗಿಸಬಾರದು. ಮೊಟ್ಟೆಯೊಡೆದ ಬಾತುಮರಿ ಮೊದಲು ಕಣ್ಮುಂದೆ ಚಲಿಸಿದುದನ್ನೇ ತಾಯಿಯೆಂದು ಹಿಂಬಾಲಿಸುತ್ತದೆ. ಮನುಷ್ಯನನ್ನೇ ತಾಯಿಯೆಂದು ಬಗೆದದ್ದು ತನ್ನ ಕುಲವನ್ನು ಸೇರುವುದು ಕಷ್ಟ. ನಮ್ಮ ಅಕ್ಕರೆಯೇ ಅದಕ್ಕೆ ಪಂಜರವಾಗುತ್ತದೆ.

ಜಿಂಕೆ ತಾನಾಗಿ ಕಣ್ಮರೆಯಾದಾಗ ಭರತನು ಹರ್ಷಿಸಬೇಕಿತ್ತು, ಅವನು ಹಲುಬಿದನು. ದೋಷವಿರುವುದು ನೀರಿನಿಂದ ಎತ್ತಿದ್ದರಲ್ಲಲ್ಲ, 'ನನ್ನದು' ಎಂದುಕೊಂಡದ್ದರಲ್ಲಿ. ಎತ್ತದೆ ಹೋಗಿದ್ದರೆ ಅದು ವೈರಾಗ್ಯವಲ್ಲ, ನಿಷ್ಕರುಣೆ ಎನಿಸುತ್ತಿತ್ತು.

ಮಕ್ಕಳನ್ನು ಸಾಕಿ, ಓದಿಸಿ, ದೂರದೇಶಕ್ಕೆ ಕಳುಹಿಸಿ ಬರಿಗೈಯಲ್ಲಿ ಮನೆಗೆ ಮರಳಿದ ನಮ್ಮಂಥವರಿಗೆ ಈ ಪಾಠ ಸುಲಭವಲ್ಲ. ಆದರೂ ಹರಿಯ ಸೊತ್ತನ್ನು ಹರಿಗೇ ಒಪ್ಪಿಸುವ ಅಭ್ಯಾಸಕ್ಕೆ, ಗಾಯ ಮಾಸಿದ ಹಕ್ಕಿಗಾಗಿ ಅಂಗೈ ಬಿಚ್ಚುವುದಕ್ಕಿಂತ ಒಳ್ಳೆಯ ಆರಂಭ ಯಾವುದು?