ಜಾಲಿಗಿಡದ ಕೆಳಗಿನಿಂದ ಎದ್ದವನು



ಪ್ರವಾದಿಯಾದ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳ ಎದುರಿಗೆ ಒಬ್ಬನೇ ಧೈರ್ಯವಾಗಿ ನಿಂತವನು. ಆದರೂ ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಅದೇ ಮನುಷ್ಯನು ಅಡವಿಯೊಳಗೆ ಜಾಲಿಗಿಡದ ಕೆಳಗೆ ಕುಳಿತು, ಇನ್ನು ಮರಣ ಬಂದರೆ ಸಾಕೆಂದು ಬೇಡಿಕೊಳ್ಳುವದನ್ನು ಕಾಣುತ್ತೇವೆ. ದೇವರು ಆತನನ್ನು ಅವಿಶ್ವಾಸಿಯೆಂದು ಗದರಿಸಿದನೋ? ಇಲ್ಲ. ಮೊದಲು ನಿದ್ರೆಯನ್ನು ಕೊಟ್ಟನು. ಎರಡು ಸಾರಿ ಅನ್ನಪಾನಗಳನ್ನು ಕೊಟ್ಟನು. ತರುವಾಯ ಎಬ್ಬಿಸಿ ದಾರಿಹಿಡಿಸಿದನು. ನಾಲ್ವತ್ತು ದಿವಸ ಹಗಲಿರುಳು ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆಯೇ ಆ ಮೆಲ್ಲನೆಯ ಧ್ವನಿಯು ಆತನಿಗೆ ಕೇಳಿಸಿತು. ಕುಗ್ಗಿದ ಮನಸ್ಸಿನೊಂದಿಗೆ ಮಾತಾಡುವದಕ್ಕೆ ಮುಂಚೆ ದೇವರು ದೇಹವನ್ನು ವಿಚಾರಿಸಿದನೆಂಬದನ್ನು ಗಮನಿಸಿರಿ.

ನಮ್ಮ ಸೀಮೆಯಲ್ಲಿಯೂ ಜಾಲಿಗಿಡದ ಕೆಳಗೆ ಕುಳಿತವರುಂಟು. 2015ನೆಯ ಇಸವಿಯಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರಲ್ಲಿ ಹಲವರು ಸಾಲದ ಭಾರದ ನಡುವೆ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ದುಃಖವನ್ನು ನಾವು ಮರೆಯಲಾದೀತೇ? ಮನಸ್ಸು ಕುಗ್ಗಿದವನು ಗೋಡೆಯ ಕಡೆಗೆ ತಿರುಗಿಕೊಂಡು ಮಲಗುತ್ತಾನೆ. ಹೊಲಕ್ಕೂ ಹೋಗನು, ಸಭೆಗೂ ಬಾರನು. ದೇಹವು ಕದಲದಷ್ಟೂ ಮನಸ್ಸು ಒಂದೇ ವ್ಯಥೆಯನ್ನು ಅಗಿಯುತ್ತದೆ. ವ್ಯಥೆಯನ್ನು ಅಗಿಯುವಷ್ಟೂ ದೇಹವು ಏಳಲಾರದು. ಈ ಸುತ್ತನ್ನು ಎಲ್ಲಿಯಾದರೂ ಮುರಿಯಬೇಕಲ್ಲವೇ? ದೇಹವು ಕ್ರಮವಾಗಿ ಚಲಿಸಿದರೆ ಕಳವಳವೂ ಖಿನ್ನತೆಯೂ ತಗ್ಗುವವು, ನಿದ್ರೆಯೂ ಹಿತವಾಗುವದೆಂದು ವೈದ್ಯರು ಕಂಡಿದ್ದಾರೆ. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯುವಂಥ ಚಟುವಟಿಕೆಯು ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ದಿನಕ್ಕೆ ಅರ್ಧ ತಾಸಿನಂತೆ ಐದು ದಿನ ನಡೆದರೆ ಅಷ್ಟಾಯಿತು.

ಆದರೆ, ಹೊಲಗದ್ದೆಗಳಲ್ಲಿ ಬೆವರು ಸುರಿಸುವ ನಮಗೆ ವ್ಯಾಯಾಮವೇತಕ್ಕೆ ಎಂದು ಕೆಲವರು ಕೇಳುವರು. ನಿಮ್ಮ ದುಡಿಮೆಯೂ ದೇಹದ ಚಲನೆಯೇ ಸರಿ. ಆದರೂ ಚಿಂತೆಯು ನೇಗಿಲ ಹಿಂದೆಯೇ ಸಾಲು ಸಾಲಾಗಿ ಬರುತ್ತದೆ. ನೀರು ಹೊರುವ ತಾಯಿಯ ತಲೆಯ ಮೇಲೆ ಕೊಡದೊಂದಿಗೆ ಮನೆಯ ಭಾರವೂ ಕೂತಿರುತ್ತದೆ. ಹೊರೆಯಿಲ್ಲದೆ, ಅವಸರವಿಲ್ಲದೆ, ಜೊತೆಗಾರನೊಂದಿಗೆ ಮಾತಾಡುತ್ತಾ ನಡೆಯುವದು ಬೇರೆ. ಅದು ಸಾಲವನ್ನು ತೀರಿಸದು, ನಿಜ. ಸಾಲಗಾರನ ಮುಂದೆ ನಿಂತು ಮಾತಾಡುವಷ್ಟು ಬಲವನ್ನು ಮನಸ್ಸಿಗೆ ಕೊಡಬಹುದು.

ದೇಹಸಾಧನೆಯಿಂದಾಗುವ ಲಾಭವು ಸ್ವಲ್ಪವೆಂದು ಪೌಲನು ತಿಮೊಥೆಯನಿಗೆ ಬರೆಯಲಿಲ್ಲವೇ ಎಂದು ಮತ್ತೆ ಕೆಲವರು ಹೇಳುವರು. ಸ್ವಲ್ಪವೆಂದು ಬರೆದನು, ಇಲ್ಲವೆಂದು ಬರೆಯಲಿಲ್ಲ. ಭಕ್ತಿಯೇ ಹೆಚ್ಚಿನದು, ಆದಾಗ್ಯೂ ನಮ್ಮ ದೇಹವು ಪವಿತ್ರಾತ್ಮನ ಆಲಯವೆಂದು ಬೋಧಿಸಿದವನೂ ಆ ಅಪೊಸ್ತಲನೇ. ಆಲಯದ ಬಾಗಿಲು ತೆರೆದು ಗಾಳಿಬೆಳಕು ಬಿಡುವದು ಅಭಕ್ತಿಯಲ್ಲ.

ಎಮ್ಮಾಹುವಿನ ದಾರಿಯನ್ನೂ ನೆನಸಿರಿ. ಮುಖ ಬಾಡಿದ ಇಬ್ಬರು ಶಿಷ್ಯರು ಸುಮಾರು ಏಳು ಮೈಲು ದೂರದ ಹಳ್ಳಿಗೆ ಹೊರಟಿರಲು, ಎದ್ದುಬಂದ ಕರ್ತನು ತಾನಾಗಿ ಅವರನ್ನು ಕೂಡಿಕೊಂಡು ಹೆಜ್ಜೆಗೆ ಹೆಜ್ಜೆ ಹಾಕಿ, ಅವರ ದುಃಖವನ್ನು ಮೊದಲು ಕೇಳಿದನು. ಆದಕಾರಣ ಸಭೆಯವರು ಹೀಗೆ ಮಾಡಲಿ. ಬಾರದೆ ಹೋದ ಸಹೋದರನ ಬಾಗಿಲಿಗೆ ಹೋಗಿ, ಉಪದೇಶ ಮಾಡದೆ, ಬಾ, ಸ್ವಲ್ಪ ದೂರ ನಡೆದು ಬರೋಣ ಎಂದು ಕರೆಯಿರಿ. ಶ್ರೀರಂಗಪಟ್ಟಣದವರಿಗೆ ಕಾವೇರಿಯ ದಡವುಂಟು. ಪಾಂಡವಪುರದವರಿಗೆ ವಿಶ್ವೇಶ್ವರಯ್ಯ ನಾಲೆಯ ಏರಿಯುಂಟು. ಕೃಷ್ಣರಾಜಪೇಟೆಯವರಿಗೆ ಹೇಮಾವತಿಯ ತೀರವುಂಟು. ನಾಗಮಂಗಲದವರಿಗೆ ರಾಗಿಹೊಲಗಳ ನಡುವಣ ಕಾಲುದಾರಿಯುಂಟು. ಸಹೋದರಿಯರು ಸಹೋದರಿಯರನ್ನು ಹಾಗೆಯೇ ಕರೆಯಲಿ.

ಒಂದು ಎಚ್ಚರಿಕೆ. ನಡಿಗೆಯು ಔಷಧಕ್ಕೆ ಬದಲಲ್ಲ. ಸಾಯುವ ಮಾತಾಡುವವನನ್ನು ಒಂಟಿಯಾಗಿ ಬಿಡಬೇಡಿರಿ. ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ವೈದ್ಯನ ಸಹಾಯ ಬೇಡುವದು ವಿಶ್ವಾಸದ ಕೊರತೆಯಲ್ಲ. ಎಲೀಯನು ದೂತನ ರೊಟ್ಟಿಯನ್ನು ಬೇಡವೆನ್ನಲಿಲ್ಲ.

ಕುಗ್ಗಿದವರನ್ನು ಎಬ್ಬಿಸುವ ದೇವರು ಈ ವಾರ ನಮ್ಮಲ್ಲಿ ಒಬ್ಬೊಬ್ಬರನ್ನೂ ಯಾರದಾದರೂ ಬಾಗಿಲಿಗೆ ಕಳುಹಿಸಲಿ. ಆಮೆನ್.