ಬೇಡ ಎಂದವರು ಒಬ್ಬರೇ

ಕೊಯ್ಲು ಮುಗಿಯುತ್ತ ಬಂದಂತೆ ದಕ್ಷಿಣ ಕೊಡಗಿನ ಹುದಿಕೇರಿಯ ಕಣಗಳ ತುಂಬ ರೊಬಸ್ಟಾ ಕಾಫಿ ಚೆರಿ. ವ್ಯಾಪಾರಿ ಬಂದು ರಾಶಿಯೊಳಗೆ ಕೈ ಹಾಕಿ ಒಂದಿಷ್ಟು ತೆಗೆಯುತ್ತಾನೆ, ಸಿಪ್ಪೆ ಬಿಡಿಸಿ ಬೀಜ ತೂಗಿ ಔಟ್‌ಟರ್ನ್ ಲೆಕ್ಕ ಹಾಕುತ್ತಾನೆ, ತೇವ ನೋಡುತ್ತಾನೆ, ರೇಟು ಹೇಳುತ್ತಾನೆ. ಹಿಡಿಸಿದರೆ ಚೀಲ ಕಟ್ಟಿಸುತ್ತೇವೆ. ಇಲ್ಲದಿದ್ದರೆ ‘ಗೋಣಿಕೊಪ್ಪದಲ್ಲಿ ಒಮ್ಮೆ ವಿಚಾರಿಸಿ ಹೇಳ್ತೇನೆ’ ಎಂದು ಕಳಿಸುತ್ತೇವೆ. ಇಷ್ಟು ಚೌಕಾಸಿಗೂ ಒಂದು ಕಾಲದಲ್ಲಿ ದಾರಿ ಇರಲಿಲ್ಲ ಎಂದರೆ ಈಗಿನ ಹುಡುಗರು ನಗುತ್ತಾರೆ.

ಅದು ‘ಪೂಲ್’ ಕಾಲ. ಮನೆ ಖರ್ಚಿಗೂ ಬಿತ್ತನೆಗೂ ಇಟ್ಟುಕೊಂಡ ಅಲ್ಪಸ್ವಲ್ಪ ಬಿಟ್ಟರೆ ಬೆಳೆದದ್ದೆಲ್ಲ ಕಾಫಿ ಮಂಡಳಿಗೆ. ಮಾರುವುದು ಅವರು, ಬೆಲೆ ಕಟ್ಟುವುದು ಅವರು, ಹಣ ಕೊಡುವುದು ಕಂತಿನಲ್ಲಿ. ಹೊರಗೆ ಮಾರಿದರೆ ಅಪರಾಧ. ಸ್ವಂತ ತೋಟದ ಫಸಲೇ ಕಳ್ಳಮಾಲು!

ಇಂಥ ಹಿಡಿತ ಬೇಡ, ಸರ್ಕಾರದ ಕೈ ಆದಷ್ಟು ಗಿಡ್ಡವಾಗಿರಲಿ ಎನ್ನುವ ಲಿಬರ್ಟೇರಿಯನ್ ಚಳವಳಿ ನಮಗೆ ಸಂಬಂಧಪಡದ ಪಾಶ್ಚಾತ್ಯ ಸರಕು ಎಂಬ ಭಾವನೆ ಹಲವರಿಗಿದೆ. ಆದರೆ ಅದರ ಮೂಲಪುರುಷರಲ್ಲಿ ಒಬ್ಬರಾದ ಹಾಯೆಕ್ 1931ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳನ್ನು ಕೂತು ಕೇಳಿದವರಲ್ಲಿ ನಮ್ಮ ಪಕ್ಕದ ಕಾಸರಗೋಡು ಸೀಮೆಯವರೊಬ್ಬರಿದ್ದರು. ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡಿಗೆ ಅರ್ಥಶಾಸ್ತ್ರಜ್ಞರ ಮಂಡಲಿ ಒಪ್ಪಿಗೆ ಕೊಟ್ಟಾಗ ಭಿನ್ನಮತದ ಟಿಪ್ಪಣಿ ಬರೆದವರು ಇವರೊಬ್ಬರೇ. ನೋಟು ಅಚ್ಚು ಹಾಕಿ ಖರ್ಚು ತೂಗಿಸಿದರೆ ಬೆಲೆ ಏರುತ್ತದೆ, ನಿಯಂತ್ರಣದ ಮೇಲೆ ನಿಯಂತ್ರಣ ಬೇಕಾಗುತ್ತದೆ ಎಂದರು. ನೆಹರೂ ಪ್ರಭೆಯ ದಿನಗಳವು, ಯಾರು ಕೇಳುತ್ತಾರೆ? ಎರಡೇ ವರ್ಷದಲ್ಲಿ ವಿದೇಶಿ ವಿನಿಮಯ ಬರಿದಾಗತೊಡಗಿತು. ನಿಯಂತ್ರಣ ಬೇಡ ಎನ್ನುವ ಇದೇ ವಾದ ಹಿಡಿದು ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು, 1967ರಲ್ಲಿ ಅದು ಲೋಕಸಭೆಯ 44 ಸ್ಥಾನ ಗೆದ್ದಿತು, ಉಡುಪಿಯಿಂದ ಲೋಬೋ ಪ್ರಭು ಆರಿಸಿ ಹೋದರು. ಕೆಲವೇ ವರ್ಷಗಳಲ್ಲಿ ಪಕ್ಷವೇ ಇಲ್ಲವಾಯಿತು.

ಶೆಣೈ ಅವರ ತಕರಾರಿಗೆ ಸಾಕ್ಷಿ ಬೇಕಿದ್ದರೆ ಕೊಡಗಿನ ಕಾಫಿಗಿಂತ ಒಳ್ಳೆಯದು ಸಿಗಲಾರದು. ಪೂಲ್ ಹುಟ್ಟಿದ್ದು 1940ರಲ್ಲಿ. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿತ್ತು, ಬೆಳೆಗಾರರಿಗೇ ಆಸರೆ ಬೇಕಿತ್ತು. ಯುದ್ಧ 1945ಕ್ಕೆ ಮುಗಿಯಿತು. ಪೂಲ್ ಮುಗಿಯಲಿಲ್ಲ! 1992ರಿಂದ ಸ್ವಲ್ಪಸ್ವಲ್ಪವಾಗಿ ಗಂಟು ಸಡಿಲಿಸಿ, ಎಲ್ಲ ಬೆಳೆಗಾರರಿಗೂ ಪೂರ್ತಿ ಬಿಡುಗಡೆ ಸಿಕ್ಕಿದ್ದು 1996ರಲ್ಲಿ. ಆಪತ್ತಿಗೆಂದು ಬಂದ ಕಾಯಿದೆ ಅರ್ಧ ಶತಮಾನ ಕದಲದೆ ಕೂತಿತ್ತು. ಬ್ರೆಜಿಲ್ಲಿನ ತೋಟಗಳು 1994ರಲ್ಲಿ ಚಳಿಗೆ ಸುಟ್ಟುಹೋಗಿ ಬೆಲೆ ಏರಿದ್ದೂ ಅದೇ ಹೊತ್ತಿಗೆ. ದಕ್ಷಿಣ ಕೊಡಗಿನಲ್ಲಿ ಹೊಸ ಮನೆ, ಹೊಸ ಜೀಪು. ಶೆಣೈ ಹೆಸರು ಕೇಳದವರೂ ಆಗ ಶೆಣೈ ಪಕ್ಷ.

ಎರಡು ಸಾವಿರದ ಆಚೀಚೆ ಬೆಲೆ ನೆಲ ಕಚ್ಚಿತು. ಮಾರುಕಟ್ಟೆ ಹೊಗಳಿದ ಬಾಯಿಗಳೇ ಬಡ್ಡಿ ರಿಯಾಯಿತಿ, ಸಾಲ ಮನ್ನಾ ಎಂದು ಸರ್ಕಾರದ ಬಾಗಿಲು ತಟ್ಟಿದವು. ಇದನ್ನು ಎರಡು ನಾಲಿಗೆ ಎಂದು ಹಂಗಿಸುವವರಿದ್ದಾರೆ, ನನಗೆ ಮನಸ್ಸಿಲ್ಲ. ನ್ಯೂಯಾರ್ಕು, ಲಂಡನ್ನಿನಲ್ಲಿ ಕುಸಿದ ಬೆಲೆಯ ಪೆಟ್ಟು ನೂರು ಎಕರೆಯವನಿಗೂ ಎರಡು ಎಕರೆಯವನಿಗೂ ಒಂದೇ ಥರ ತಾಗುವುದಿಲ್ಲ. ಶೆಣೈ ಅವರ ಭಿನ್ನಮತದಲ್ಲಿ ನಾನು ಹುಡುಕಿದರೂ ಸಿಗದ ಮನುಷ್ಯ ಈ ಎರಡು ಎಕರೆಯವನು. ಆ ಕೆಟ್ಟ ವರ್ಷಗಳಲ್ಲಿ ನಮ್ಮ ಕೇರಿಯ ಹಿರಿಯರೊಬ್ಬರು ಅಂದಿದ್ದರು: ‘ಪೂಲ್ ದುಡ್ಡು ತಡವಾಗಿ ಬರ್ತಿತ್ತು ನಿಜ. ಆದ್ರೆ ಬರ್ತಿತ್ತಲ್ಲ?’