ಕೈಗೆ ಎಟುಕದ ಬೆನ್ನು

ಹೋದ ವರ್ಷ ಮಗಳು ನನ್ನನ್ನು ಮೈಸೂರಿನ ಒಂದು ಸ್ಪಾಗೆ ಕರೆದುಕೊಂಡು ಹೋದಳು. "ಮೂವತ್ತು ವರ್ಷ ನಿಂತು ಪಾಠ ಮಾಡಿದ್ದೀಯ, ಒಂದು ದಿನ ಸುಮ್ಮನೆ ಮಲಗಿಕೋ ಅಮ್ಮ" ಎಂಬುದು ಅವಳ ವಾದ. ಮಂದ ಬೆಳಕು, ಸಣ್ಣಗೆ ಕೊಳಲು, ಬೆಚ್ಚಗಿನ ಎಣ್ಣೆ. ಎಲ್ಲಿಯೋ ದೂರದ ಊರಿನಿಂದ ಬಂದಿದ್ದ ಹುಡುಗಿಯೊಬ್ಬಳು ಮಾತಿಲ್ಲದೆ ನನ್ನ ಬೆನ್ನು ತಿಕ್ಕಿದಳು. ಸುಖವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಕಣ್ಣು ಮುಚ್ಚಿದರೆ ನಿದ್ದೆ ಬರಲಿಲ್ಲ, ಅವ್ವ ಬಂದಳು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅವ್ವ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದಳು. ಬಾವಿಯಿಂದ ನೀರು ಸೇದಿ ತುಂಬುತ್ತಿದ್ದಳು. ನರಕ ಚತುರ್ದಶಿಯ ಬೆಳಗಿನ ಜಾವ ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಿಕ್ಕಿ, ಬೆನ್ನು ಕೆಂಪಾಗುವ ತನಕ ಉಜ್ಜಿ ನೀರು ಹೊಯ್ಯುವಳು. ಎಲ್ಲರದೂ ಮುಗಿಯುವ ಹೊತ್ತಿಗೆ ಒಲೆ ಆರಿ, ಹಂಡೆಯ ತಳದಲ್ಲಿ ಉಗುರುಬೆಚ್ಚಗಿನ ನೀರು ಉಳಿದಿರುತ್ತಿತ್ತು. ಅದು ಅವಳ ಪಾಲು. ಅವಳ ಬೆನ್ನನ್ನು ಯಾರು ಉಜ್ಜುತ್ತಿದ್ದರು? ನಾವು ಯಾರೂ ಕೇಳಿದ ನೆನಪಿಲ್ಲ.

ಮನುಷ್ಯನಿಗೆ ಎರಡು ಕೈ ಕೊಟ್ಟ ದೇವರು, ಆ ಕೈಗೆ ಎಟುಕದ ಹಾಗೆ ಬೆನ್ನನ್ನು ಇಟ್ಟಿದ್ದಾನೆ. ಅಲ್ಲಿಗೆ ಇನ್ನೊಬ್ಬರ ಕೈಯೇ ಬೇಕು. ಆ ಕೈಯನ್ನು ನಾವು ಹೇಗೆ ಪಡೆಯುತ್ತೇವೆ ಎಂಬುದೇ ಪ್ರಶ್ನೆ.

ರೋಮಿನ ಚಕ್ರವರ್ತಿ ಹೇಡ್ರಿಯನ್ನನ ಬಗ್ಗೆ ಒಂದು ಕಥೆ ಇದೆ. ಸಾರ್ವಜನಿಕ ಸ್ನಾನಗೃಹದಲ್ಲಿ ಹಳೆಯ ಸೈನಿಕನೊಬ್ಬ ಬೆನ್ನನ್ನು ಗೋಡೆಗೆ ಉಜ್ಜಿಕೊಳ್ಳುತ್ತಿದ್ದನಂತೆ. ಉಜ್ಜಲು ಆಳಿಲ್ಲವೆಂದು ತಿಳಿದ ದೊರೆ ಅವನಿಗೆ ಗುಲಾಮರನ್ನೂ ಹಣವನ್ನೂ ಕೊಟ್ಟ. ಇನ್ನೊಂದು ದಿನ ದೊರೆ ಬಂದಾಗ ಎಷ್ಟೋ ಮುದುಕರು ಗೋಡೆಗೆ ಬೆನ್ನು ಉಜ್ಜುತ್ತ ನಿಂತಿದ್ದರು! ಒಬ್ಬರ ಬೆನ್ನನ್ನು ಒಬ್ಬರು ಉಜ್ಜಿಕೊಳ್ಳಿ ಎಂದನಂತೆ ದೊರೆ. ಈ ಕಥೆ ಹೇಳಿದಾಗ ಮಕ್ಕಳು ನಗುತ್ತಾರೆ. ನಾನೂ ನಗುತ್ತಿದ್ದೆ, ಮುತ್ತತ್ತಿಗೆ ಹೋಗಿ ಬರುವ ತನಕ.

ನಮ್ಮ ಮಳವಳ್ಳಿ ತಾಲ್ಲೂಕಿನವರಿಗೆ ಮುತ್ತತ್ತಿಯನ್ನು ಪರಿಚಯಿಸಬೇಕಿಲ್ಲ. ಸೀತಮ್ಮ ಸ್ನಾನ ಮಾಡುವಾಗ ಕಾವೇರಿಗೆ ಬಿದ್ದ ಮೂಗುತಿಯನ್ನು ಆಂಜನೇಯ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟನೆಂದೂ, ಅದಕ್ಕೇ ಅವನು ಮುತ್ತೆತ್ತಿರಾಯನೆಂದೂ ಹಿರಿಯರು ಹೇಳುತ್ತಾರೆ. ಸುಳಿಗಳಿರುವ ಹೊಳೆ, ಎಷ್ಟೋ ಜನರನ್ನು ನುಂಗಿದೆ. ಒಂದು ಬೇಸಿಗೆ ರಜೆಯಲ್ಲಿ ಹೋಗಿದ್ದಾಗ ಹೆಂಗಸರೆಲ್ಲ ದಡದ ಬಂಡೆಗಳ ಮರೆಯಲ್ಲಿ, ಮೊಣಕಾಲಷ್ಟು ನೀರಿನಲ್ಲೇ ಕುಳಿತಿದ್ದೆವು. ಒಲೆಯಿಲ್ಲ, ಗಡಿಯಾರವಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಗುಂಡುಕಲ್ಲೊಂದನ್ನು ನನ್ನ ಮುಂದೆ ಚಾಚಿ, "ಅಕ್ಕಾ, ಒಸಿ ಬೆನ್ನುಜ್ಜಿ ಕೊಡ್ತೀರಾ?" ಎಂದಳು.

ನಾನು ಒಂದು ಗಳಿಗೆ ಸುಮ್ಮನಿದ್ದೆ. ಇವಳು ಯಾವ ಜನವೋ ಎಂಬ ಯೋಚನೆ ಬಂದುಹೋಯಿತು. ಬಂತು ಎಂದೇ ಬರೆಯಬೇಕು. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಚೌದಾರ್ ಕೆರೆಯ ನೀರು ಮುಟ್ಟಿದ್ದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವವಳು ನಾನು. ಪಾಠ ನಾಲಿಗೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಕಲ್ಲು ತೆಗೆದುಕೊಂಡು ಉಜ್ಜಿದೆ. ಬಿಸಿಲಲ್ಲಿ ನಾಟಿ, ಕಳೆ ಎಂದು ಬಗ್ಗಿ ಬಗ್ಗಿ ಸುಟ್ಟ ಬೆನ್ನು. ನನ್ನ ತಡವರಿಕೆ ಅವಳಿಗೆ ತಿಳಿಯಿತೋ ಇಲ್ಲವೋ, ಮುಗಿಯುತ್ತಲೇ "ತಿರುಕ್ಕಳಿ, ನಿಮ್ದೂ ಉಜ್ತೀನಿ" ಎಂದಳು. ತಿರುಗಿ ಕುಳಿತೆ. ಹೆಸರು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅಂಥ ಆರಾಮವನ್ನು ಆಮೇಲೆ ಎಲ್ಲಿಯೂ ಕಾಣಲಿಲ್ಲ.

ದುಡ್ಡು ಕೊಟ್ಟು ಬೆನ್ನು ಉಜ್ಜಿಸಿಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಸ್ಪಾದ ಆ ಹುಡುಗಿಯ ಅನ್ನ ಅದು, ಅದರ ಲೆಕ್ಕ ಬಿಲ್ಲಿನಲ್ಲಿ ಮುಗಿಯುತ್ತದೆ. ಹೊಳೆಯ ಹೆಂಗಸಿನ ಲೆಕ್ಕ ಅಲ್ಲಿಯೇ ಮುಗಿಯಿತು. ಮುಗಿಯದೆ ಉಳಿದಿರುವುದು ಅವ್ವನದು. ಅವಳು ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲಿ ಒದ್ದೆ ಬಟ್ಟೆಯಿಂದ ಅವಳ ಬೆನ್ನು ಒರೆಸುತ್ತಿದ್ದೆ. ಅದೇ ಮೊದಲು ನಾನು ಆ ಬೆನ್ನನ್ನು ಸರಿಯಾಗಿ ನೋಡಿದ್ದು. ಎರಡು ಸಲ ಒರೆಸಿರಲಿಲ್ಲ, "ಸಾಕು ಬುಡು ಮಗ, ನಿಂಗೆ ಇಸ್ಕೂಲಿಗೆ ಹೊತ್ತಾಯ್ತದೆ" ಎಂದಳು.

ನಾನು ಗಡಿಯಾರ ನೋಡಿದೆ. ಹೊತ್ತಾಗಿತ್ತು. ಹೊರಟುಬಿಟ್ಟೆ.